ಮುಂದಿನ ಗೋಡೆ ಬೀದಿಯದು, ಹಿಂದಿನ ಗೋಡೆ ಮನೆಯವರದು

ಪ್ರಶ್ನೆ: ನಾನು ಮೈಸೂರಿನವಳು. ಲಂಡನ್ನಿಗೆ ಬಂದು ಎರಡು ವರ್ಷವಾಯಿತು. ನಮ್ಮ ಆಫೀಸು ಬ್ಲೂಮ್ಸ್‌ಬರಿಯಲ್ಲಿ, ಬೆಡ್‌ಫರ್ಡ್ ಸ್ಕ್ವೇರ್ ಹತ್ತಿರದ ಒಂದು ಹಳೇ ಮನೆಯಲ್ಲಿದೆ. ಇದು ‘ಜಾರ್ಜಿಯನ್ ಟೆರೇಸ್ಡ್ ಹೌಸ್’ ಅಂತಾರೆ. ಆದರೆ ಮೇಲೆ ಟೆರೇಸೇ ಇಲ್ಲ! ಕಿಟಕಿಗಳು ಮೇಲೆ ಹೋದ ಹಾಗೆ ಗಿಡ್ಡ ಆಗುತ್ತವೆ. ನನ್ನ ಮೇಜು ಇರುವುದು ತೀರಾ ಮೇಲೆ, ತಲೆ ತಾಗುವಂಥ ಕೋಣೆಯಲ್ಲಿ. ನಮ್ಮದು ಮೂಲೆಮನೆ. ಪಕ್ಕದ ಗೋಡೆಯಲ್ಲಿ ಒಂದು ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದ್ದಾರೆ. ತೆರಿಗೆ ತಪ್ಪಿಸೋಕೆ ಹಾಗೆ ಮಾಡಿದ್ದು ಅಂತ ಜೊತೆಯವರು ಹೇಳುತ್ತಾರೆ, ನಿಜವಾ? ಮುಂದಿನಿಂದ ಇಷ್ಟು ಅಚ್ಚುಕಟ್ಟಾದ ಮನೆ ಹಿಂದಿನಿಂದ ಯಾಕೆ ಇಷ್ಟು ಅಡ್ಡಾದಿಡ್ಡಿ?

ಉತ್ತರ: ಮೊದಲು ಟೆರೇಸ್ ಗೊಂದಲ ಬಿಡಿಸೋಣ. ನಮ್ಮಲ್ಲಿ ಟೆರೇಸ್ ಅಂದರೆ ತಾರಸಿ. ಬಟ್ಟೆ ಒಣಹಾಕುವ, ಹಪ್ಪಳ ಹರಡುವ ಜಾಗ. ಇಂಗ್ಲೆಂಡಿನಲ್ಲಿ ಮನೆಗಳ ವಿಷಯಕ್ಕೆ ಬಂದಾಗ ಟೆರೇಸ್ ಅಂದರೆ ಸಾಲು. ಒಂದಕ್ಕೊಂದು ಅಂಟಿಕೊಂಡು, ನಡುವಿನ ಗೋಡೆಯನ್ನು ಹಂಚಿಕೊಂಡು ನಿಂತ ಸಾಲುಮನೆಗಳು. ಜಾರ್ಜಿಯನ್ ಅಂದರೆ ಜಾರ್ಜ್ ಹೆಸರಿನ ನಾಲ್ವರು ರಾಜರು ಒಬ್ಬರ ಹಿಂದೊಬ್ಬರು ಆಳಿದ ಕಾಲ, 1714ರಿಂದ 1830ರವರೆಗೆ. ಹೆಸರು ರಾಜರದಾದರೂ ಈ ಮನೆಗಳಿಗೆ ಆಕಾರ ಕೊಟ್ಟವರು ಅವರಲ್ಲ. ಬೆಂಕಿಯ ಭಯ, ಜಮೀನಿನ ಗುತ್ತಿಗೆ, ಮೇಸ್ತ್ರಿಗಳ ಲೆಕ್ಕಾಚಾರ, ಇವು ಮೂರೂ ಸೇರಿ ಕೊಟ್ಟ ಆಕಾರ ಇದು.

ಗುತ್ತಿಗೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಈ ಮನೆಗಳನ್ನು ಕಟ್ಟಿಸಿದ್ದು ಸಾಮಾನ್ಯವಾಗಿ ಅದರಲ್ಲಿ ವಾಸಕ್ಕೆ ಬಂದವರಲ್ಲ. ಬೆಡ್‌ಫರ್ಡ್ ಸ್ಕ್ವೇರ್ ಇರುವ ಜಮೀನು ಬೆಡ್‌ಫರ್ಡ್ ಡ್ಯೂಕ್ ಮನೆತನದ್ದು. ಅವರಿಗೆ ಜಮೀನು ಮಾರುವ ಮನಸ್ಸಿರಲಿಲ್ಲ. ತಾವೇ ದುಡ್ಡು ಸುರಿದು ಮನೆ ಕಟ್ಟಿಸುವ ಇಚ್ಛೆಯೂ ಇರಲಿಲ್ಲ. ಹಾಗಾಗಿ ಸೈಟುಗಳನ್ನು ಅಳೆದು ಮೇಸ್ತ್ರಿಗಳಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟರು. ಮೇಸ್ತ್ರಿ ತನ್ನ ಖರ್ಚಿನಲ್ಲೇ ಮನೆ ಎಬ್ಬಿಸಬೇಕು. ಆಮೇಲೆ ಉಳಿದ ಅವಧಿಯ ಗುತ್ತಿಗೆಯನ್ನು ಯಾರಿಗಾದರೂ ಮಾರಿಕೊಳ್ಳಬಹುದು. ನೆಲಬಾಡಿಗೆ ಮಾತ್ರ ವರ್ಷಾವರ್ಷ ಡ್ಯೂಕ್‌ಗೆ ಹೋಗುತ್ತಿರಬೇಕು. ಗುತ್ತಿಗೆ ಮುಗಿದ ದಿನ ನೆಲದ ಜೊತೆ ಮನೆಯೂ ಡ್ಯೂಕ್ ಕೈಗೆ. ಒಂದು ಪೈಸೆ ಹಾಕದೆ ಬೀದಿಗೆ ಬೀದಿಯೇ ವಾಪಸ್ಸು! ಇವತ್ತಿಗೂ ಬ್ಲೂಮ್ಸ್‌ಬರಿಯ ಬಹಳಷ್ಟು ಜಾಗ ಅದೇ ಮನೆತನದ ಎಸ್ಟೇಟಿನ ಕೈಯಲ್ಲಿದೆ.

ಇಂಥ ಗುತ್ತಿಗೆಗಳಲ್ಲಿ ಒಂದು ಪದ್ಧತಿ ಇತ್ತು. ಮನೆ ಎದ್ದು ನಿಲ್ಲುವವರೆಗಿನ ಮೊದಲ ಒಂದೆರಡು ವರ್ಷ ನೆಲಬಾಡಿಗೆ ಬರೀ ಒಂದು ಕಾಳುಮೆಣಸು. ಹೌದು, ನಮ್ಮ ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಅದೇ ಕಾಳುಮೆಣಸು. ಕರಾರು ಊರ್ಜಿತವಾಗಲು ಏನಾದರೂ ಕೊಡಬೇಕಲ್ಲ, ಅದಕ್ಕೆ. ಮೇಸ್ತ್ರಿಗಳ ಹತ್ತಿರ ದುಡ್ಡು ಕಡಿಮೆ ಇರುತ್ತಿತ್ತು. ಗಾರೆ ಮೇಸ್ತ್ರಿ ಬಡಗಿಯ ಮನೆಗೆ ಗೋಡೆ ಎಬ್ಬಿಸುತ್ತಿದ್ದ. ಬಡಗಿ ಇವನ ಮನೆಗೆ ಜಂತೆ, ಬಾಗಿಲು, ಮೆಟ್ಟಿಲು ಮಾಡಿಕೊಡುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತಾರಲ್ಲ, ಹೆಚ್ಚೂಕಡಿಮೆ ಹಾಗೆ.

ಈಗ ಯೋಚನೆ ಮಾಡಿ. ಮನೆ ಕೊಳ್ಳುವವರು ಯಾರು ಅಂತ ಮೇಸ್ತ್ರಿಗೆ ಗೊತ್ತಿಲ್ಲ. ಎಲ್ಲರಿಗೂ ಒಗ್ಗುವ ಒಂದೇ ನಕ್ಷೆ ಬೇಕು. ರಸ್ತೆ ಕಡೆಯ ಅಗಲ ಜಾಸ್ತಿ ಆದಷ್ಟೂ ಖರ್ಚು ಜಾಸ್ತಿ. ಆದ್ದರಿಂದ ಮನೆ ಕಿರಿದು, ಉದ್ದ, ಎತ್ತರ. ನಮ್ಮ 30-40 ಸೈಟಿಗಿಂತ ಸಪೂರ. ದೊಡ್ಡ ಮನೆಗಳ ಮುಖವೂ 25 ಅಡಿಯ ಆಸುಪಾಸು. ಪ್ರತಿ ಮಹಡಿಯಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಒಂದು ಬದಿಗೆ ಓಣಿ ಮತ್ತು ಮೆಟ್ಟಿಲು. ಬೆಂಕಿಗೂಡುಗಳೆಲ್ಲ ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಯಲ್ಲಿ. ಇಷ್ಟೇ ನಕ್ಷೆ. ಕೂಲಿಕಾರನ ಮನೆಯಿಂದ ಕುಲೀನರ ಮನೆಯವರೆಗೆ ಇದೇ ಅಚ್ಚು ದೊಡ್ಡದಾಗುತ್ತಾ ಹೋಗುತ್ತದೆ.

ಇನ್ನು ಬೆಂಕಿ. 1666ರ ಮಹಾಬೆಂಕಿಯಲ್ಲಿ ಮರದ ಲಂಡನ್ ಸುಟ್ಟುಹೋಯಿತು. 1667ರ ಕಾಯ್ದೆ ಹೊರಗೋಡೆಗೆ ಇಟ್ಟಿಗೆ ಇಲ್ಲವೇ ಕಲ್ಲು ಅಂತ ಕಡ್ಡಾಯ ಮಾಡಿತು. ಆಮೇಲೆ ಒಂದರ ಹಿಂದೆ ಒಂದು ಕಾಯ್ದೆ. 1707ರಲ್ಲಿ ಮಾಡಿನ ಅಂಚಿನ ಮರದ ಸಾಲುಕೆತ್ತನೆ ನಿಷೇಧವಾಯಿತು, ಅದರ ಬದಲು ಗೋಡೆಯನ್ನೇ ಮೇಲಕ್ಕೆ ಎತ್ತಿ ಪ್ಯಾರಪೆಟ್ ಮಾಡಿದರು. ನಿಮಗೆ ಕೆಳಗಿನಿಂದ ಮಾಡು ಕಾಣದಿರುವುದು ಇದರಿಂದ. 1709ರಲ್ಲಿ ಕಿಟಕಿ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಇಂಚು ಒಳಗೆ ಕೂರಿಸಬೇಕು ಅಂದರು. ಮೇಲೆ ಕೆಳಗೆ ಸರಿಯುವ ಈ ಕಿಟಕಿಗಳ ಹಗ್ಗ, ತೂಕದ ಗುಂಡು ಇರುವುದು ಚೌಕಟ್ಟಿನ ಬದಿಯ ಮರದ ಪೆಟ್ಟಿಗೆಯಲ್ಲಿ; 1774ರಲ್ಲಿ ಆ ಪೆಟ್ಟಿಗೆಯೇ ಇಟ್ಟಿಗೆಯ ಹಿಂದೆ ಅಡಗಬೇಕು ಅಂದರು. ಬೆಂಕಿ ಕಿಟಕಿಯಿಂದ ಕಿಟಕಿಗೆ ಹಾರದಿರಲಿ ಅನ್ನುವುದು ಉದ್ದೇಶ. ಆದರೆ ಅದರಿಂದ ಕಣ್ಣಿಗೆ ಆದ ಲಾಭ ನೋಡಿ. ಕಿಟಕಿಯ ಸುತ್ತ ಒಂದು ಗಟ್ಟಿ ನೆರಳು ಬಿತ್ತು. ಸಪಾಟು ಗೋಡೆಗೆ ಆಳ ಬಂತು. ಅಲಂಕಾರವೇ ಇಲ್ಲದ ಗೋಡೆ ಇಷ್ಟು ಗಂಭೀರವಾಗಿ ಕಾಣಲು ಆ ನಾಲ್ಕು ಇಂಚೇ ಮುಖ್ಯ ಕಾರಣ ಅಂತ ನಾನು ನಂಬಿದ್ದೇನೆ. ನೀವೇ ನೋಡಬಹುದು. ಚೌಕಟ್ಟು ಗೋಡೆಯ ಮುಖಕ್ಕೆ ಸಮವಾಗಿದ್ದರೆ ಮನೆ 1709ಕ್ಕಿಂತ ಹಳೆಯದಿರಬಹುದು. ಒಳಗೆ ಸರಿದಿದ್ದರೂ ಮರದ ಪಟ್ಟಿ ಅಗಲವಾಗಿ ಕಂಡರೆ ಈ ಎರಡು ಕಾಯ್ದೆಗಳ ನಡುವಿನ ಕಾಲದ್ದು. ಬರೀ ಸಣ್ಣ ಅಂಚು ಕಂಡರೆ 1774ರ ನಂತರದ್ದು. ಇದು ಲಂಡನ್ನಿಗೆ ಮಾತ್ರ ಹೊಂದುವ ಲೆಕ್ಕ. ಎಷ್ಟೋ ಕಿಟಕಿಗಳನ್ನು ಆಮೇಲೆ ಬದಲಾಯಿಸಿರುವುದೂ ಉಂಟು.

ಆ 1774ರ ಕಾಯ್ದೆ ಮನೆಗಳನ್ನು ದರ್ಜೆಗಳಾಗಿಯೂ ವಿಂಗಡಿಸಿತು. 850 ಪೌಂಡಿಗಿಂತ ಹೆಚ್ಚು ಬೆಲೆಯದು, ತಳದ ವಿಸ್ತೀರ್ಣ 900 ಚದರ ಅಡಿ ಮೀರಿದ್ದು ಮೊದಲ ದರ್ಜೆ. 150 ಪೌಂಡಿಗಿಂತ ಕಡಿಮೆಯದು, 350 ಚದರ ಅಡಿಯೊಳಗಿನದು ನಾಲ್ಕನೆಯದು. ಯಾವ ದರ್ಜೆಗೆ ಗೋಡೆ ಎಷ್ಟು ದಪ್ಪ ಇರಬೇಕು ಅಂತಲೂ ಕಾಯ್ದೆ ಹೇಳಿತು. ಮೇಸ್ತ್ರಿಗೆ ಇನ್ನೇನು ಬೇಕು? ಅಚ್ಚು ಸಿದ್ಧವಾಯಿತು.

ಕಿಟಕಿಗಳ ಎತ್ತರದ ವಿಷಯಕ್ಕೆ ಬರೋಣ. ಇದರ ಮೂಲ ಇಟಲಿಯಲ್ಲಿದೆ. ಪಲ್ಲಾಡಿಯೋ ಅನ್ನುವ ವಾಸ್ತುಶಿಲ್ಪಿ 1570ರಲ್ಲಿ ನಾಲ್ಕು ಭಾಗಗಳ ಗ್ರಂಥ ಅಚ್ಚು ಹಾಕಿಸಿದ. ಪ್ರಾಚೀನ ರೋಮಿನ ಅಳತೆಗಳನ್ನು ಮನೆಗೆ ಹೊಂದಿಸುವುದು ಹೇಗೆ ಅಂತ ಅದರಲ್ಲಿದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿಗೆ ಅದರ ಹುಚ್ಚೇ ಹಿಡಿಯಿತು. ನಿಮ್ಮ ಆಫೀಸಿನ ಎದುರು ನಿಂತು ಕಣ್ಣು ಅರೆ ಮುಚ್ಚಿ ನೋಡಿ. ಅದೊಂದು ಕಂಬಗಳಿಲ್ಲದ ದೇವಾಲಯ. ನೆಲಮಹಡಿ ಜಗತಿ. ಅದರ ಮೇಲಿನ ಎರಡು ಮಹಡಿ ಸೇರಿ ಕಂಬದ ಎತ್ತರ. ಅದರ ಮೇಲಿನ ಕಲ್ಲಿನ ಪಟ್ಟಿ ಕಂಬದ ಮೇಲೆ ಕೂರುವ ತೊಲೆ. ಕಂಬಗಳನ್ನು ಕೆತ್ತಲು ದುಡ್ಡಿಲ್ಲ. ಆದರೆ ಅಳತೆಗೆ ದುಡ್ಡು ಬೇಕಿಲ್ಲವಲ್ಲ! ಕಂಬ ತೆಗೆದು ಅಳತೆ ಉಳಿಸಿಕೊಂಡರು. ಅದಕ್ಕೇ ಮೊದಲ ಮಹಡಿ ಕಿಟಕಿ ಎಲ್ಲಕ್ಕಿಂತ ಎತ್ತರ, ಅಗಲದ ಸುಮಾರು ಎರಡು ಪಟ್ಟು. ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆ ಅಲ್ಲಿರುತ್ತಿತ್ತು. ಮಲಗುವ ಕೋಣೆಗಳ ಕಿಟಕಿ ಅದಕ್ಕಿಂತ ಗಿಡ್ಡ. ತೀರಾ ಮೇಲಿನದು ಚೌಕ.

ಒಂದು ದಿನ ಊಟದ ಬಿಡುವಿನಲ್ಲಿ ಬೆಡ್‌ಫರ್ಡ್ ಸ್ಕ್ವೇರಿನ ಉತ್ತರ ದಿಕ್ಕಿಗೆ ಹೋಗಿ. ಈ ಚೌಕದ ಕೆಲಸ 1775ರಲ್ಲಿ ಶುರುವಾಗಿ 1783ರ ಹೊತ್ತಿಗೆ ಮುಗಿಯಿತು. ನಾಲ್ಕೂ ಬದಿಯ ಸಾಲುಗಳು ಒಂದೊಂದು ಅರಮನೆಯಂತೆ ಕಾಣಬೇಕು ಅನ್ನುವುದು ಆಸೆ. ಅದಕ್ಕಾಗಿ ಸಾಲಿನ ನಡುಭಾಗಕ್ಕೆ ಬಿಳಿ ಗಿಲಾವು ಮಾಡಿ, ಮೇಲೊಂದು ತ್ರಿಕೋನ ಶಿಖರ ಇಟ್ಟು, ಗೋಡೆಗೆ ಅಂಟಿದ ಚಪ್ಪಟೆ ಕಂಬಗಳನ್ನು ನಿಲ್ಲಿಸಿದರು. ಆ ಕಂಬಗಳನ್ನು ಎಣಿಸಿ. ಐದು! ಶಾಸ್ತ್ರದ ಪ್ರಕಾರ ಇದು ತಪ್ಪು. ದೇವಾಲಯದ ಮುಖದಲ್ಲಿ ಕಂಬ ಯಾವಾಗಲೂ ಸರಿಸಂಖ್ಯೆ, ನಟ್ಟನಡುವೆ ಇರಬೇಕಾದ್ದು ಬಾಗಿಲು. ಇಲ್ಲಿ ನಡುವೆ ಕಂಬ ಬಂದಿದೆ. ಯಾಕೆ ಗೊತ್ತಾ? ಅರಮನೆಯ ‘ನಡುಭಾಗ’ ನಿಜವಾಗಿ 18 ಮತ್ತು 19ನೇ ನಂಬರಿನ ಎರಡು ಮನೆಗಳು. ಅವುಗಳ ನಡುವಿನ ಗೋಡೆ ಸರಿಯಾಗಿ ಆ ನಡುವಿನ ಕಂಬದ ಹಿಂದಿದೆ. ಅರಮನೆಯ ಕನಸಿಗೂ ಸೈಟಿನ ಗಡಿಗೂ ಜಗಳ ಬಂದಾಗ ಸೈಟಿನ ಗಡಿ ಗೆದ್ದಿತು. ಆ ಜಾಗದ ಮುಂದೆ ನಿಂತಾಗಲೆಲ್ಲ ಆ ಮೇಸ್ತ್ರಿಗಳ ಬಗ್ಗೆ ನನಗೆ ಪ್ರೀತಿ ಉಕ್ಕುತ್ತದೆ.

ಅಲ್ಲೇ ಬಾಗಿಲುಗಳನ್ನೂ ನೋಡಿ. ಕಮಾನಿನ ನೆತ್ತಿಯಲ್ಲಿ ಗಡ್ಡದ ಮುಖ ಕಾಣುತ್ತದೆ. ಕಲ್ಲು ಅನ್ನಿಸುತ್ತದೆ, ಕಲ್ಲಲ್ಲ. ಅಚ್ಚಿನಲ್ಲಿ ಒತ್ತಿ ಸುಟ್ಟ ಜೇಡಿ. ಎಲಿನೋರ್ ಕೋಡ್ ಅನ್ನುವ ಹೆಣ್ಣುಮಗಳು 1769ರಿಂದ ಲ್ಯಾಂಬೆತ್‌ನಲ್ಲಿ ನಡೆಸಿದ ಕಾರ್ಖಾನೆಯ ಮಾಲು. ಇನ್ನೂರೈವತ್ತು ವರ್ಷದ ಮಳೆ, ಹೊಗೆ ತಿಂದರೂ ಗಡ್ಡದ ಎಳೆಗಳು ಇನ್ನೂ ಚೂಪಾಗಿವೆ. ಅಂದಹಾಗೆ 49ನೇ ಮನೆಯ ಗೋಡೆಯ ಮೇಲಿನ ಫಲಕ ಓದಲು ಮರೆಯಬೇಡಿ. 1831ರಲ್ಲಿ ಇಂಗ್ಲೆಂಡಿಗೆ ಬಂದ ರಾಜಾ ರಾಮಮೋಹನ ರಾಯ್ ಅಲ್ಲಿ ವಾಸವಿದ್ದರು.

ಹಿಂಭಾಗ ಯಾಕೆ ಅಡ್ಡಾದಿಡ್ಡಿ ಅಂದಿರಿ. ಗುತ್ತಿಗೆ ಪತ್ರದಲ್ಲಿ ಕಟ್ಟುಪಾಡು ಇದ್ದದ್ದು ಮುಖ್ಯವಾಗಿ ಮುಂದಿನ ಗೋಡೆಗೆ. ಅದು ಬೀದಿಯ ಸೊತ್ತು ಇದ್ದ ಹಾಗೆ. ಬಾತ್ ನಗರದ ರಾಯಲ್ ಕ್ರೆಸೆಂಟ್ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1767ರಲ್ಲಿ ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಶುರು ಮಾಡಿದ 30 ಮನೆಗಳ ಬಿಲ್ಲಿನಾಕಾರದ ಸಾಲು ಅದು. ಮುಂದೆ 114 ಕಂಬಗಳು, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಅವನು ಕಾದುಕೊಂಡದ್ದು ಆ ಮುಖವನ್ನು. ಹಿಂದಿನ ಮನೆಯನ್ನು ಕೊಂಡವರು ತಮಗೆ ಬೇಕಾದಂತೆ ಕಟ್ಟಿಸಿಕೊಂಡರು. ಹಿಂದಿನಿಂದ ನೋಡಿದರೆ ಮಾಡುಗಳ ಎತ್ತರ ಬೇರೆ, ಕಿಟಕಿಗಳ ಸಾಲು ಬೇರೆ, ಆಳ ಬೇರೆ.

ನಿಮ್ಮ ಮನೆಯಲ್ಲಿ ಇನ್ನೂ ಒಂದು ಸರಳ ಕಾರಣ ಇದೆ. ಮೆಟ್ಟಿಲು ಸಾಮಾನ್ಯವಾಗಿ ಹಿಂಭಾಗದಲ್ಲಿ ಹತ್ತುತ್ತದೆ. ಅರ್ಧ ಹತ್ತಿ ತಿರುಗುವಲ್ಲಿ ಬೆಳಕಿಗೊಂದು ಕಿಟಕಿ ಬೇಕು. ಆ ಕಿಟಕಿ ಎರಡು ಮಹಡಿಗಳ ನಡುವೆ ಬೀಳುತ್ತದೆ, ಪಕ್ಕದ ಕೋಣೆಯ ಕಿಟಕಿಗೆ ಸಮ ಬರುವುದೇ ಇಲ್ಲ. ಆಮೇಲೆ ಬಂದ ಪಾಯಿಖಾನೆ, ಕೊಳವೆ, ಸೇರಿಸಿದ ಕೋಣೆಗಳೆಲ್ಲ ಹಿಂದಕ್ಕೇ ಅಂಟಿದವು. ಚಿಕ್ಕ ಮನೆಗಳಲ್ಲಿ ಮಾಡಿನ ಎರಡು ಇಳಿಜಾರೂ ಒಳಮುಖವಾಗಿ ನಡುವಿನ ದೋಣಿಗೆ ಇಳಿದು, ಮಳೆನೀರು ಹಿಂದಕ್ಕೆ ಹರಿಯುತ್ತದೆ. ಮುಂದೆ ನೀರಿನ ಕೊಳವೆಯೂ ಕಾಣಬಾರದು ಅನ್ನುವಷ್ಟು ಹಟ!

ಮುಚ್ಚಿದ ಕಿಟಕಿ. ಕಿಟಕಿ ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ತೆರಿಗೆಗೆ ಹೆದರಿ ಕಿಟಕಿ ಮುಚ್ಚಿಸಿದವರೂ ಇದ್ದರು. ಆದರೆ ನಿಮ್ಮದು ಮೂಲೆಮನೆ, ಪಕ್ಕದ ಗೋಡೆ ಅಂದಿರಲ್ಲ, ಅದಕ್ಕೇ ನನಗೆ ಅನುಮಾನ. ಅಷ್ಟು ದೊಡ್ಡ ಗೋಡೆ ಬೋಳಾಗಿ ಕಾಣಬಾರದು ಅಂತ ಮೊದಲ ದಿನದಿಂದಲೇ ಕುರುಡು ಕಿಟಕಿ ಮಾಡುತ್ತಿದ್ದರು. ಹೀಗೆ ಪರೀಕ್ಷೆ ಮಾಡಿ. ಒಳಗೆ ಅದೇ ಜಾಗದಲ್ಲಿ ಏನಿದೆ? ಬೆಂಕಿಗೂಡೋ ಹೊಗೆಕೊಳವೆಯೋ ಇದ್ದರೆ ಅಲ್ಲಿ ಕಿಟಕಿ ಯಾವತ್ತೂ ಇರಲು ಸಾಧ್ಯವಿಲ್ಲ. ಹೊರಗೆ, ಮುಚ್ಚಿದ ಇಟ್ಟಿಗೆ ಸುತ್ತಲಿನ ಇಟ್ಟಿಗೆಯದೇ ಬಣ್ಣ, ಅದೇ ಗಾತ್ರ, ಸಾಲಿಗೆ ಸಾಲು ಕೂಡಿದ್ದರೆ ಅದು ಹುಟ್ಟುಕುರುಡು. ಬಣ್ಣ ಬೇರೆ, ಬದಿಗೆ ಸೀಳುಗೆರೆ ಇದ್ದರೆ ಆಮೇಲೆ ಮುಚ್ಚಿದ್ದು. ನನ್ನ ಅನುಭವದಲ್ಲಿ ಮೂಲೆಮನೆಗಳಲ್ಲಿ ಮೊದಲನೆಯದೇ ಜಾಸ್ತಿ.

ಇಟ್ಟಿಗೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಲಂಡನ್ನಿನ ಹಳದಿ ಇಟ್ಟಿಗೆಯ ಜೇಡಿಯಲ್ಲಿ ಸುಣ್ಣದಕಲ್ಲಿನ ಪುಡಿಯ ಜೊತೆ ಊರಿನ ಮನೆಮನೆಯ ಒಲೆಬೂದಿಯನ್ನೂ ಜರಡಿ ಹಿಡಿದು ಬೆರೆಸುತ್ತಿದ್ದರು. ಬೂದಿಯಲ್ಲಿ ಉಳಿದ ಕಲ್ಲಿದ್ದಲ ಚೂರು ಗೂಡಿನಲ್ಲಿ ಇಟ್ಟಿಗೆಯನ್ನು ಒಳಗಿನಿಂದಲೇ ಸುಡುತ್ತಿತ್ತು. ಒಲೆಯ ಬೂದಿ ಗೋಡೆಯಾಯಿತು. ಆ ಗೋಡೆಯನ್ನು ಮತ್ತೆ ಒಲೆಯ ಹೊಗೆ ಕಪ್ಪು ಮಾಡಿತು. ಪ್ರಧಾನಿ ಇರುವ 10 ಡೌನಿಂಗ್ ಸ್ಟ್ರೀಟ್ ಕಪ್ಪು ಇಟ್ಟಿಗೆಯದು ಅಂತ ಎಲ್ಲರೂ ಅಂದುಕೊಂಡಿದ್ದರು. ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ರಿಪೇರಿಗೆ ಕೈಹಾಕಿದಾಗ ಹಳದಿ ಇಟ್ಟಿಗೆ ಕಂಡಿತು. ಜನಕ್ಕೆ ಕಪ್ಪೇ ರೂಢಿಯಾಗಿತ್ತು, ಹಾಗಾಗಿ ಕಪ್ಪು ಬಣ್ಣವನ್ನೇ ಬಳಿದರು.

ಈ ಚಂದದ ಮುಖ ಬಹಳ ತೆಳು ಅನ್ನುವುದೂ ನಿಮಗೆ ಗೊತ್ತಿರಲಿ. ನಾನು ಕೆಲಸ ಮಾಡಿದ ಒಂದು ಮನೆಯ ಮುಂದಿನ ಗೋಡೆ ಎರಡನೇ ಮಹಡಿಯಲ್ಲಿ ಹೊಟ್ಟೆ ಬಿಟ್ಟಿತ್ತು. ಸಾರುವೆ ಹತ್ತಿ ನಾಲ್ಕು ಇಟ್ಟಿಗೆ ಬಿಡಿಸಿದೆವು. ಹೊರಗಿನ ಒಳ್ಳೆ ಇಟ್ಟಿಗೆ ಬರೀ ಅರ್ಧ ಇಟ್ಟಿಗೆ ದಪ್ಪದ ಪದರ. ಅದು ಹಿಂದಿನ ಗೋಡೆಗೆ ಬೆಸೆದುಕೊಂಡೇ ಇರಲಿಲ್ಲ. ಅಡ್ಡ ಇಟ್ಟಿಗೆಗಳು ಒಳಗಿನವರೆಗೆ ಹೋಗಿ ಎರಡನ್ನೂ ಕಚ್ಚಿಹಿಡಿಯಬೇಕು. ಒಳ್ಳೆ ಇಟ್ಟಿಗೆ ದುಬಾರಿ ಅಂತ ಅವನ್ನು ಅರ್ಧಕ್ಕೆ ಮುರಿದು ಹೊರಗೆ ತಲೆ ಮಾತ್ರ ಕಾಣುವಂತೆ ಇಟ್ಟಿದ್ದರು. ಎರಡು ಪದರಗಳ ನಡುವೆ ನನ್ನ ಕೈ ಮಣಿಕಟ್ಟಿನವರೆಗೆ ಇಳಿಯಿತು. ಗೋಡೆಯೊಳಗೆ ಹುದುಗಿಸಿದ್ದ ಮರದ ತೊಲೆ ಹಿಡಿದರೆ ನಶ್ಯದ ಹಾಗೆ ಪುಡಿಯಾಯಿತು. ಹಿಂದೆ ಯಾರೋ ಸಂದುಗಳಿಗೆ ಸಿಮೆಂಟು ತುಂಬಿದ್ದರು. ಅದೇ ಕುತ್ತಾಗಿತ್ತು. ಹಳೆ ಸುಣ್ಣದ ಗಾರೆ ಮೆತ್ತಗೆ ಇರುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ನೀರು ಒಳಗೇ ನಿಂತು ಮರ ಕೊಳೆಯುತ್ತದೆ, ಇಟ್ಟಿಗೆಯ ಮುಖ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ಎರಡೂ ಪದರ ಹೊಲಿದು, ಸಂದುಗಳಿಗೆ ಮತ್ತೆ ಸುಣ್ಣದ ಗಾರೆಯನ್ನೇ ತುಂಬಿದೆವು. ಗೋಡೆ ಮುಟ್ಟಬೇಡಿ ಅಂತ ಇಲ್ಲಿ ಹಟ ಹಿಡಿಯುವುದು ಸುಮ್ನೆ ಅಲ್ಲ. ಬೆಡ್‌ಫರ್ಡ್ ಸ್ಕ್ವೇರಿನ ಮನೆಗಳು ‘ಗ್ರೇಡ್ 1’ ಅನ್ನುವ ಅತಿ ಮೇಲಿನ ವರ್ಗದ ಸಂರಕ್ಷಿತ ಕಟ್ಟಡಗಳು. ಅನುಮತಿಯಿಲ್ಲದೆ ಇಂಥ ಕಟ್ಟಡದ ರೂಪ ಕೆಡಿಸಿದರೆ ಅದು ಅಪರಾಧ. ಇಷ್ಟಾದರೂ ಉಳಿದದ್ದು ಪುಣ್ಯ. ವಾಸ್ತುಶಿಲ್ಪಿಗಳಾದ ಆಡಮ್ ಸೋದರರು ಥೇಮ್ಸ್ ದಡದಲ್ಲಿ ಕಟ್ಟಿದ್ದ ಅಡೆಲ್ಫಿ ಸಾಲನ್ನು 1936ರಲ್ಲಿ ಕೆಡವಿದರು. ಆ ನೋವಿನಿಂದಲೇ ಮರುವರ್ಷ ಜಾರ್ಜಿಯನ್ ಗ್ರೂಪ್ ಅನ್ನುವ ಸಂಘ ಹುಟ್ಟಿತು.

ಕೊನೆಗೆ ನಿಮ್ಮ ಇಕ್ಕಟ್ಟಿನ ಕೋಣೆ. ಅಲ್ಲಿ ಮಲಗುತ್ತಿದ್ದವರು ಮನೆಗೆಲಸದ ಹೆಣ್ಣುಮಕ್ಕಳು. ಅವರ ಅಡುಗೆಮನೆ ನೆಲಮಾಳಿಗೆಯಲ್ಲಿ. ಬೀದಿಯ ಪಾದಚಾರಿ ದಾರಿಯಲ್ಲಿ ದುಂಡನೆಯ ಕಬ್ಬಿಣದ ಮುಚ್ಚಳಗಳನ್ನು ನೋಡಿರಬೇಕು. ಅದರೊಳಗಿಂದ ಕಲ್ಲಿದ್ದಲು ಸುರಿಯುತ್ತಿದ್ದರು, ಅದು ರಸ್ತೆಯಡಿಯ ಕಮಾನುಗೂಡಿಗೆ ಬೀಳುತ್ತಿತ್ತು. ಅಲ್ಲಿಂದ ಪ್ರತಿ ಕೋಣೆಯ ಬೆಂಕಿಗೂಡಿಗೆ ಇದ್ದಲು, ನೀರು ಹೊತ್ತು ಹತ್ತಬೇಕು, ಬೂದಿ ಹೊತ್ತು ಇಳಿಯಬೇಕು. ಇವತ್ತು ಸಂಜೆ ಇಳಿಯುವಾಗ ಮೆಟ್ಟಿಲು ಗಮನಿಸಿ. ನಿಮ್ಮ ಮಹಡಿಯಲ್ಲಿ ಕಿರಿದಾದ ಮರದ ಮೆಟ್ಟಿಲು, ಸಾದಾ ಕಡ್ಡಿಗಳ ಕಟಾಂಜನ. ಎರಡು ಮಹಡಿ ಇಳಿದರೆ ಮೆಟ್ಟಿಲು ಅಗಲ, ಸೂರಿನಂಚಿನಲ್ಲಿ ಗಾರೆಯ ಹೂಬಳ್ಳಿ, ಕೆಲವು ಮನೆಗಳಲ್ಲಿ ಮಹಾಗನಿ ಬಾಗಿಲು. ಆ ಮಹಾಗನಿಯನ್ನು ಕೆರಿಬಿಯನ್ ಕಡೆಯ ಕಾಡುಗಳಲ್ಲಿ ಕಡಿದವರು ಗುಲಾಮರು. ಈ ಸಾಲುಗಳಲ್ಲಿ ಮನೆ ಕೊಂಡ ಎಷ್ಟೋ ಜನರ ದುಡ್ಡು ಅಲ್ಲಿನ ಸಕ್ಕರೆ ತೋಟಗಳಿಂದ, ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದಿಂದ ಬಂದದ್ದು. ಮನೆಯ ಅಂದ ಹೊಗಳುವಾಗ ಇದನ್ನೂ ಹೇಳಬೇಕು ಅನ್ನುವುದು ನನ್ನ ನಿಲುವು.

ಮೊದಲ ಮಹಡಿಗೆ ಬಂದಾಗ ಕಿಟಕಿಯ ಹತ್ತಿರ ಎರಡು ನಿಮಿಷ ನಿಲ್ಲಿ. ಹಳೆ ಗಾಜು ಉಳಿದಿದ್ದರೆ ಎದುರು ಮನೆ ಅದರಲ್ಲಿ ನೀರಿನಲ್ಲಿ ಕಂಡಂತೆ ಸ್ವಲ್ಪ ಅಲುಗುತ್ತದೆ. ಆಗ ಗಾಜನ್ನು ಕೋಲಿನ ತುದಿಯಲ್ಲಿ ಗಿರಗಿರನೆ ತಿರುಗಿಸಿ ತಟ್ಟೆ ಮಾಡಿ, ಅದರಿಂದ ಚೌಕಗಳನ್ನು ಕತ್ತರಿಸುತ್ತಿದ್ದರು. ಕಿಟಕಿಯಲ್ಲಿ ಅಷ್ಟೊಂದು ಚಿಕ್ಕ ಚಿಕ್ಕ ಗಾಜಿನ ಚೌಕಗಳು ಇರುವುದು ಅದಕ್ಕೇ. ಚೌಕಟ್ಟನ್ನು ಮೆಲ್ಲಗೆ ಮೇಲೆತ್ತಿ. ಬದಿಯ ಪೆಟ್ಟಿಗೆಯೊಳಗೆ ಕಬ್ಬಿಣದ ಗುಂಡು ಕೆಳಗಿಳಿಯುವ ಸದ್ದು ಕೇಳುತ್ತದೆ. ಬಾವಿ ರಾಟೆಯಂಥದ್ದೇ ಪುಟ್ಟ ರಾಟೆ, ಹಗ್ಗ. ಕಿಟಕಿಯ ತೂಕಕ್ಕೆ ಗುಂಡಿನ ತೂಕ ಸಮ, ಅದಕ್ಕೇ ಎತ್ತಿದಲ್ಲೇ ನಿಲ್ಲುತ್ತದೆ. ಕಿಟಕಿಯ ಎರಡೂ ಬದಿಗೆ ಮರದ ಹಲಗೆಗಳು ಕಂಡರೆ ಅವು ಬರೀ ಅಲಂಕಾರ ಅಂದುಕೊಳ್ಳಬೇಡಿ. ರಾತ್ರಿ ಮುಚ್ಚುವ ಒಳಬಾಗಿಲುಗಳು ಅಲ್ಲಿ ಮಡಚಿ ಕೂತಿರುತ್ತವೆ, ಪದರ ಪದರ ಬಣ್ಣ ಬಳಿದು ಅಂಟಿಹೋಗಿರುತ್ತವೆ. ನೀವೇ ಕೆರೆದು ಬಿಡಿಸಲು ಹೋಗಬೇಡಿ, ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಕಟ್ಟಡ ನೋಡಿಕೊಳ್ಳುವವರಿಗೆ ಹೇಳಿ, ಬಲ್ಲ ಬಡಗಿಯಿಂದ ಒಂದು ಕಿಟಕಿಯದನ್ನಾದರೂ ಬಿಡಿಸಿಕೊಡುವಂತೆ ಕೇಳಿ. ಒಳಗಿನ ಮಡಿಕೆಯಲ್ಲಿ ಅಡ್ಡಹಾಕುವ ಕಬ್ಬಿಣದ ಪಟ್ಟಿ ಇನ್ನೂ ಇದ್ದರೆ ಅದರ ಒಂದು ಫೋಟೋ ನನಗೂ ಕಳಿಸಿ.